ಘಾತ ಶ್ರೇಣಿಗಳ ಗುಣಾಕಾರ, ಭಾಗಾಕಾರ: ನಮ್ಮ ದಾವಣಗೆರೆಯ ಸಂಜೆ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಬಿಎಸ್ಸಿ ಮತ್ತು ಎಂಜಿನಿಯರಿಂಗ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹರಿಹರ, ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರೇ ಜಾಸ್ತಿ. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದವರು. ಲೆಕ್ಕದಲ್ಲಿ ಚುರುಕಾಗಿಯೇ ಇರುತ್ತಾರೆ. ಆದರೆ ‘ಪವರ್ ಸೀರೀಸ್’ (ಘಾತ ಶ್ರೇಣಿ) ಎಂಬ ಹೆಸರು ಬಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಪ್ರತಿ ವರ್ಷ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಬರವಣಿಗೆಯ ಬಗ್ಗೆ ಒಂದು ಮಾತು. ಎಕ್ಸ್ ಇರಬೇಕಾದ ಕಡೆಯೆಲ್ಲ ‘ಕ್ಷ’ ಎಂದು ಬರೆದಿದ್ದೇನೆ. ^ ಗುರುತು ಕಂಡರೆ ‘ಘಾತ’ ಎಂದು ಓದಿಕೊಳ್ಳಿ. ಇ^ಕ್ಷ ಅಂದರೆ ಇ ಘಾತ ಕ್ಷ. ಇ ಎಂಬುದು ಒಂದು ಸ್ಥಿರ ಸಂಖ್ಯೆ, ಸುಮಾರು 2.718.

ಘಾತ ಶ್ರೇಣಿ ಅಂದರೇನು ಸರ್, ಮೊದಲು ಅದನ್ನು ಹೇಳಿ.

ಮುಗಿಯದ ಬಹುಪದೋಕ್ತಿ. 3 + 5ಕ್ಷ + 2ಕ್ಷ² ಅಂತ ನಿಂತುಬಿಟ್ಟರೆ ಬಹುಪದೋಕ್ತಿ. ನಿಲ್ಲದೆ ಕ್ಷ³, ಕ್ಷ⁴ ಅಂತ ಹೋಗುತ್ತಲೇ ಇದ್ದರೆ ಘಾತ ಶ್ರೇಣಿ. ಕ್ಷ ಹಿಂದೆ ಇರುವ ಸಂಖ್ಯೆ ಸಹಗುಣಕ. ಈ ನಾಲ್ಕು ಶ್ರೇಣಿಗಳು ಬಾಯಿಪಾಠ ಇರಲಿ, ಮುಂದಿನದೆಲ್ಲ ಇವುಗಳಿಂದಲೇ ಬರುತ್ತದೆ:

ಇ^ಕ್ಷ = 1 + ಕ್ಷ + ಕ್ಷ²/2 + ಕ್ಷ³/6 + ಕ್ಷ⁴/24 + ಕ್ಷ⁵/120 + …

ಸೈನ್ ಕ್ಷ = ಕ್ಷ − ಕ್ಷ³/6 + ಕ್ಷ⁵/120 − …

ಕಾಸ್ ಕ್ಷ = 1 − ಕ್ಷ²/2 + ಕ್ಷ⁴/24 − …

1/(1 − ಕ್ಷ) = 1 + ಕ್ಷ + ಕ್ಷ² + ಕ್ಷ³ + …

ಇವೆಲ್ಲ ಪರದೇಶದ ಸರಕು ಅಂದುಕೊಳ್ಳಬೇಡಿ. ಸೈನ್, ಕಾಸ್ ಶ್ರೇಣಿಗಳನ್ನು ಕೇರಳದ ಸಂಗಮಗ್ರಾಮದ ಮಾಧವ ನ್ಯೂಟನ್‌ಗಿಂತ ಇನ್ನೂರು ವರ್ಷಕ್ಕೂ ಮುಂಚೆ ಕಂಡುಕೊಂಡಿದ್ದ. ಅವನ ಶಿಷ್ಯಪರಂಪರೆಯವರು ಬರೆದಿಟ್ಟದ್ದರಿಂದ ಅದು ನಮಗೆ ಗೊತ್ತಾಗಿದೆ.

ಎರಡೂ ಸಾಲು ಮುಗಿಯೋದೇ ಇಲ್ಲ. ಹಾಗಿದ್ದ ಮೇಲೆ ಗುಣಿಸಿ ಮುಗಿಸೋದು ಹೇಗೆ?

ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇದು. ಬಾಯಿ ಬಿಟ್ಟು ಕೇಳುವವರು ಕಮ್ಮಿ. ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗೇ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಇಲ್ಲಿ ನಿಧಾನವಾಗಿ ಹೋಗೋಣ.

ಕ್ಲಾಸಿನ ನಡುವೆ ಒಂದು ದಿನ ಮಂಡಕ್ಕಿ, ಮಿರ್ಚಿ ತರಿಸಿದ್ದೆವು. ಹುಡುಗರಿಬ್ಬರಿಗೆ ಸೇರಿ ನಾಲ್ಕು ಮಿರ್ಚಿ ಉಳಿದವು. ಅವರು ಅದನ್ನು ಎಷ್ಟು ಥರ ಹಂಚಿಕೊಳ್ಳಬಹುದು? ಒಬ್ಬನಿಗೆ 0, ಇನ್ನೊಬ್ಬನಿಗೆ 4. ಇಲ್ಲವೇ 1 ಮತ್ತು 3. 2 ಮತ್ತು 2. 3 ಮತ್ತು 1. 4 ಮತ್ತು 0. ಐದೇ ದಾರಿ. ಅಂಗಡಿಯಲ್ಲಿ ಬಾಣಲೆ ತುಂಬ ಮಿರ್ಚಿ ಬೇಯುತ್ತಿದ್ದರೂ ನಾಲ್ಕನ್ನು ಹಂಚುವ ದಾರಿ ಐದೇ.

ಗುಣಾಕಾರದಲ್ಲೂ ಹೀಗೇ. ಉತ್ತರದಲ್ಲಿ ಕ್ಷ⁴ ಎಲ್ಲಿಂದ ಬರಬಹುದು? ಮೊದಲ ಶ್ರೇಣಿಯಿಂದ ಒಂದು ಘಾತ, ಎರಡನೆಯದರಿಂದ ಒಂದು ಘಾತ, ಎರಡೂ ಕೂಡಿ 4 ಆಗಬೇಕು. ಮೊದಲ ಶ್ರೇಣಿಯ ಸಹಗುಣಕಗಳು ಅ₀, ಅ₁, ಅ₂… ಇರಲಿ. ಎರಡನೆಯದರವು ಬ₀, ಬ₁, ಬ₂… ಇರಲಿ. ಉತ್ತರದವು ಚ₀, ಚ₁, ಚ₂… ಆಗ

ಚ₄ = ಅ₀ಬ₄ + ಅ₁ಬ₃ + ಅ₂ಬ₂ + ಅ₃ಬ₁ + ಅ₄ಬ₀

ಕ್ಷ¹⁰⁰ ಬಳಿ ಏನಿದೆಯೋ ಅದು ಕ್ಷ⁴ರ ತಂಟೆಗೆ ಬರುವುದೇ ಇಲ್ಲ. ಋಣ ಘಾತಗಳು ಇಲ್ಲವಲ್ಲ, ಹಾಗಾಗಿ ದೊಡ್ಡ ಘಾತ ಕೆಳಗಿಳಿದು ಬರುವುದಕ್ಕೆ ದಾರಿಯಿಲ್ಲ. ಸಾಲು ಮುಗಿಯದಿದ್ದರೇನು, ಪ್ರತಿ ಸಹಗುಣಕದ ಲೆಕ್ಕ ಮುಗಿಯುತ್ತದೆ. ಚಿಕ್ಕ ಘಾತದಿಂದ ಶುರು ಮಾಡಿ, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿ.

ಇದಕ್ಕೆ ‘ಕೋಶಿ ಗುಣಲಬ್ಧ’ ಎಂದು ಹೆಸರು. ಫ್ರಾನ್ಸಿನ ಕೋಶಿ 1821ರ ತನ್ನ ಪಾಠಪುಸ್ತಕದಲ್ಲಿ ಇದನ್ನು ಸರಿಯಾದ ಕಟ್ಟುಪಾಡಿನೊಂದಿಗೆ ಇಟ್ಟ.

ಕೂಡುವಾಗ ಪದಕ್ಕೆ ಪದ ಕೂಡುತ್ತೇವೆ. ಗುಣಿಸುವಾಗ ಪದಕ್ಕೆ ಪದ ಗುಣಿಸಿದರೆ ಏನು ತಪ್ಪು?

12ನ್ನು 13ರಿಂದ ಗುಣಿಸಿ. ಹತ್ತರ ಸ್ಥಾನಕ್ಕೆ ಹತ್ತರ ಸ್ಥಾನ, 1 × 1 = 1. ಬಿಡಿಗೆ ಬಿಡಿ, 2 × 3 = 6. ಹಾಗಾದರೆ ಉತ್ತರ 16 ಅಂತ ಬರೆಯುತ್ತೀರಾ? ಇಲ್ಲ ಅಲ್ವಾ. 156 ಬರಬೇಕು. ನಡುವಿನ 5 ಎಲ್ಲಿಂದ ಬಂತು? 1 × 3 ಮತ್ತು 2 × 1, ಅಡ್ಡಡ್ಡ ಗುಣಿಸಿದ್ದರಿಂದ. ಹತ್ತರ ಜಾಗದಲ್ಲಿ ಕ್ಷ ಇಡಿ: (ಕ್ಷ + 2)(ಕ್ಷ + 3) = ಕ್ಷ² + 5ಕ್ಷ + 6. ಅದೇ 1, 5, 6.

ಅಂದರೆ ನೀವು ಮೂರನೇ ಕ್ಲಾಸಿನಿಂದಲೂ ಘಾತ ಶ್ರೇಣಿಗಳನ್ನೇ ಗುಣಿಸುತ್ತಿದ್ದೀರಿ. ಆಗ ಕ್ಷ ಜಾಗದಲ್ಲಿ 10 ಇತ್ತು, ಅಷ್ಟೇ. ಇಲ್ಲಿ ಇನ್ನೂ ಸುಲಭ, ‘ಕೈಲಿ ಒಂದು’ ಅನ್ನುವ ರಗಳೆ ಇಲ್ಲ. ಇದು ಸುಮ್ನೆ ಹುರಿದುಂಬಿಸುವ ಮಾತಲ್ಲ. ನ್ಯೂಟನ್ 1671ರಲ್ಲಿ ಬರೆದ ಗ್ರಂಥವೊಂದನ್ನು ಇದೇ ಮಾತಿನಿಂದ ಶುರು ಮಾಡುತ್ತಾನೆ: ದಶಮಾಂಶ ಸಂಖ್ಯೆಗಳಿಗೆ ಮಾಡುವ ಲೆಕ್ಕವನ್ನೇ ಅಕ್ಷರಗಳಿಗೂ ಮಾಡಬಹುದು, ಇದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಅಚ್ಚರಿ. ಆ ಗ್ರಂಥ ಅಚ್ಚಾಗಿದ್ದು ಅವನು ತೀರಿಕೊಂಡ ಮೇಲೆ, 1736ರಲ್ಲಿ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಿ.

ಇ^ಕ್ಷ × ಸೈನ್ ಕ್ಷ, ಕ್ಷ⁵ ತನಕ.

ಚೌಕಳಿ ನೋಟ್‌ಬುಕ್ ತೆಗೆಯಿರಿ. ಉದ್ದಕ್ಕೆ ಐದು ಕಂಬಸಾಲು ಮಾಡಿ, ಮೇಲೆ ಕ್ಷ, ಕ್ಷ², ಕ್ಷ³, ಕ್ಷ⁴, ಕ್ಷ⁵ ಎಂದು ಬರೆಯಿರಿ. ಸೈನ್ ಶ್ರೇಣಿಯ ಒಂದೊಂದೇ ಪದದಿಂದ ಇ^ಕ್ಷ ಪೂರ್ತಿ ಸಾಲನ್ನು ಗುಣಿಸಿ, ಆಯಾ ಘಾತದ ಕೆಳಗೆ ಇಡುತ್ತಾ ಹೋಗಿ.

ಕ್ಷ ಇಂದ ಗುಣಿಸಿದಾಗ: ಕ್ಷ + ಕ್ಷ² + ಕ್ಷ³/2 + ಕ್ಷ⁴/6 + ಕ್ಷ⁵/24

−ಕ್ಷ³/6 ಇಂದ ಗುಣಿಸಿದಾಗ: −ಕ್ಷ³/6 − ಕ್ಷ⁴/6 − ಕ್ಷ⁵/12

ಕ್ಷ⁵/120 ಇಂದ ಗುಣಿಸಿದಾಗ: ಕ್ಷ⁵/120

ಈಗ ಮೇಲಿಂದ ಕೆಳಗೆ ಕೂಡಿ. ಕ್ಷ³ ಕೆಳಗೆ 1/2 − 1/6 = 1/3. ಕ್ಷ⁴ ಕೆಳಗೆ 1/6 − 1/6, ಸೊನ್ನೆ. ಕ್ಷ⁵ ಕೆಳಗೆ 5/120 − 10/120 + 1/120 = −4/120, ಅಂದರೆ −1/30.

ಇ^ಕ್ಷ ಸೈನ್ ಕ್ಷ = ಕ್ಷ + ಕ್ಷ² + ಕ್ಷ³/3 − ಕ್ಷ⁵/30 + …

ಕ್ಷ⁴ ಮಾಯವಾಯಿತು ಅಂತ ಗಾಬರಿ ಬೇಡ. ಸೊನ್ನೆಯೂ ಒಂದು ಸಹಗುಣಕ.

ಸರಿಯೋ ತಪ್ಪೋ ನೋಡಲು ಕ್ಷ = 0.1 ಹಾಕಿ. ನಮ್ಮ ಸಾಲು 0.110333000 ಕೊಡುತ್ತದೆ. ಕ್ಯಾಲ್ಕುಲೇಟರ್ 0.110332989 ತೋರಿಸುತ್ತದೆ. ಬಿಂದುವಿನ ಮುಂದೆ ಏಳು ಸ್ಥಾನಕ್ಕೆ ಅಂದಾಜಿಸಿ ಬರೆದರೆ ಎರಡೂ ಒಂದೇ, ಉಳಿದ ಚೂರು ಬಿಟ್ಟ ಪದಗಳದ್ದು. ಒಮ್ಮೆ ಹುಡುಗಿಯೊಬ್ಬಳಿಗೆ 0.0019 ಬಂತು. ಅರ್ಧ ಗಂಟೆ ತನ್ನ ಲೆಕ್ಕದಲ್ಲೇ ತಪ್ಪು ಹುಡುಕಿದಳು. ಲೆಕ್ಕ ಸರಿಯಾಗೇ ಇತ್ತು, ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು. ಈ ಶ್ರೇಣಿಗಳೆಲ್ಲ ರೇಡಿಯನ್‌ಗೆ ಮಾತ್ರ. ಪರೀಕ್ಷೆಗೆ ಹೋಗುವ ಮುಂಚೆ ಅದನ್ನು ನೋಡಿಕೊಳ್ಳಿ.

ಎಷ್ಟು ಪದ ಇಟ್ಟುಕೊಳ್ಳಬೇಕು ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ ಯಾವ ಘಾತದ ತನಕ ಬೇಕೋ, ಎರಡು ಶ್ರೇಣಿಯನ್ನೂ ಅದೇ ಘಾತದ ತನಕ ಇಟ್ಟುಕೊಂಡರೆ ಎಂದೂ ಮೋಸವಿಲ್ಲ. ಮೇಲಿನ ಲೆಕ್ಕದಲ್ಲಿ ಸೈನ್ ಶುರುವಾಗುವುದೇ ಕ್ಷ ಇಂದ. ಹಾಗಾಗಿ ಇ^ಕ್ಷ ಅನ್ನು ಕ್ಷ⁴ ತನಕ ಬರೆದರೂ ಸಾಕಿತ್ತು.

ಇನ್ನೊಂದು ತಪ್ಪು ಪದೇ ಪದೇ ನೋಡುತ್ತೇನೆ. ಕ್ಷ³ ತನಕ ಮಾತ್ರ ಬರೆದುಕೊಂಡ ಎರಡು ಸಾಲನ್ನು ಗುಣಿಸಿದಾಗ ಕ್ಷ⁴, ಕ್ಷ⁵, ಕ್ಷ⁶ ಪದಗಳೂ ಹುಟ್ಟುತ್ತವೆ. ಅವನ್ನೂ ಉತ್ತರದಲ್ಲಿ ಬರೆದುಬಿಡುತ್ತಾರೆ. ಅವು ಅರೆಬೆಂದವು. ಅವುಗಳ ಪಾಲಿಗೆ ಬರಬೇಕಾದ ಎಷ್ಟೋ ಜೋಡಿಗಳನ್ನು ನೀವು ಮೊದಲೇ ಕತ್ತರಿಸಿದ್ದೀರಿ. ಕಾಣುವುದು ಪದದ ಹಾಗೇ, ಸಹಗುಣಕ ಮಾತ್ರ ತಪ್ಪು. ಹೊಡೆದು ಹಾಕಿ.

1/(1 − ಕ್ಷ) ಇಂದ ಗುಣಿಸಿದರೆ ಏನೋ ವಿಶೇಷ ಇದೆ ಅಂತೀರಲ್ಲ, ಏನದು?

ನನ್ನಪ್ಪ ಮಂಡಿಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಖಾತೆ ಪುಸ್ತಕದಲ್ಲಿ ಎಡಗಡೆ ದಿನದ ಜಮೆ, ಬಲಗಡೆ ಅಲ್ಲಿಯ ತನಕದ ಒಟ್ಟು. ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. 40 ಬಂದರೆ ಒಟ್ಟು 40. ಮರುದಿನ 25, ಒಟ್ಟು 65. ಅದರ ಮರುದಿನ 10, ಒಟ್ಟು 75. ಬಲಗಡೆಯ ಸಾಲನ್ನು ಅವರು ಬಾಯಲ್ಲಿ ಗುಣುಗುತ್ತಲೇ ತುಂಬುತ್ತಿದ್ದರು, ಪೆನ್ನು ನಿಲ್ಲುತ್ತಲೇ ಇರಲಿಲ್ಲ.

1/(1 − ಕ್ಷ) ಶ್ರೇಣಿಯ ಸಹಗುಣಕಗಳೆಲ್ಲ 1. ಅದರಿಂದ ಗುಣಿಸಿದರೆ ಚ₂ = ಅ₀ + ಅ₁ + ಅ₂. ಚ₃ = ಅ₀ + ಅ₁ + ಅ₂ + ಅ₃. ಅಪ್ಪನ ಪುಸ್ತಕದ ಬಲಗಡೆಯ ಸಾಲೇ ಇದು! ಎಡಗಡೆ ಯಾವ ಶ್ರೇಣಿ ಇಟ್ಟರೂ ಬಲಗಡೆ ಅಲ್ಲಿಯ ತನಕದ ಒಟ್ಟು ಸಿಗುತ್ತದೆ. ಹಾಗೇ (1 − ಕ್ಷ) ಇಂದ ಗುಣಿಸಿದರೆ ಒಟ್ಟಿನಿಂದ ದಿನದ ಜಮೆ ವಾಪಸ್ ಸಿಗುತ್ತದೆ. ಒಂದು ಕೂಡಿಸುತ್ತದೆ, ಇನ್ನೊಂದು ಬಿಡಿಸುತ್ತದೆ.

1/(1 − ಕ್ಷ) ಅನ್ನು ಅದರಿಂದಲೇ ಗುಣಿಸಿ. 1, 1, 1, 1 ಸಾಲಿನ ಒಟ್ಟು 1, 2, 3, 4. ಆದ್ದರಿಂದ

1/(1 − ಕ್ಷ)² = 1 + 2ಕ್ಷ + 3ಕ್ಷ² + 4ಕ್ಷ³ + …

1/(1 − ಕ್ಷ) ಶ್ರೇಣಿಯ ಅವಕಲನ (ಡಿಫರೆನ್ಷಿಯೇಷನ್) ಮಾಡಿದರೂ ಇದೇ ಬರುತ್ತದೆ. ಎರಡು ದಾರಿ ಒಂದೇ ಊರಿಗೆ ಹೋದವು.

ನನಗೆ ತುಂಬ ಇಷ್ಟವಾದದ್ದು ಇದು: ಇ^ಕ್ಷ/(1 − ಕ್ಷ). ಸಹಗುಣಕಗಳು 1, 2, 5/2, 8/3, 65/24. ದಶಮಾಂಶದಲ್ಲಿ 1, 2, 2.5, 2.667, 2.708. ಇ ಬೆಲೆ 2.71828… ಅಲ್ವಾ? ಸಹಗುಣಕಗಳೇ ಒಂದೊಂದು ಹೆಜ್ಜೆಯಾಗಿ ಇ ಕಡೆಗೆ ನಡೆದು ಹೋಗುತ್ತಿವೆ.

ಭಾಗಾಕಾರಕ್ಕೆ ಬರೋಣ. ಟ್ಯಾನ್ ಕ್ಷ ಶ್ರೇಣಿಯನ್ನು ಭಾಗಿಸಿ ತೆಗೆಯೋದು ಹೇಗೆ?

ಟ್ಯಾನ್ = ಸೈನ್ ÷ ಕಾಸ್. ಶಾಲೆಯ ಉದ್ದ ಭಾಗಾಕಾರವೇ. ಒಂದೇ ವ್ಯತ್ಯಾಸ: ಬಹುಪದೋಕ್ತಿ ಭಾಗಿಸುವಾಗ ದೊಡ್ಡ ಘಾತದಿಂದ ಶುರು ಮಾಡುತ್ತಿದ್ದೆವು. ಇಲ್ಲಿ ಚಿಕ್ಕ ಘಾತದಿಂದ. ದೊಡ್ಡದು ಅಂತ ಇಲ್ಲಿ ಒಂದು ಇಲ್ಲವೇ ಇಲ್ಲವಲ್ಲ.

ಭಾಜ್ಯ: ಕ್ಷ − ಕ್ಷ³/6 + ಕ್ಷ⁵/120. ಭಾಜಕ: 1 − ಕ್ಷ²/2 + ಕ್ಷ⁴/24.

ಮೊದಲ ಹೆಜ್ಜೆ. ಭಾಜ್ಯದ ಮೊದಲ ಪದ ಕ್ಷ, ಭಾಜಕದ ಮೊದಲ ಪದ 1. ಭಾಗಲಬ್ಧದಲ್ಲಿ ಕ್ಷ ಬರೆಯಿರಿ. ಭಾಜಕವನ್ನು ಕ್ಷ ಇಂದ ಗುಣಿಸಿದರೆ ಕ್ಷ − ಕ್ಷ³/2 + ಕ್ಷ⁵/24. ಕಳೆಯಿರಿ. ಕ್ಷ ಹೋಯಿತು. ಕ್ಷ³: −1/6 + 1/2 = 1/3. ಕ್ಷ⁵: 1/120 − 5/120 = −1/30. ಶೇಷ ಕ್ಷ³/3 − ಕ್ಷ⁵/30.

ಎರಡನೇ ಹೆಜ್ಜೆ. ಭಾಗಲಬ್ಧಕ್ಕೆ ಕ್ಷ³/3. ಅದರಿಂದ ಭಾಜಕವನ್ನು ಗುಣಿಸಿದರೆ ಕ್ಷ³/3 − ಕ್ಷ⁵/6. ಕಳೆದರೆ ಕ್ಷ⁵ ಬಳಿ −1/30 + 5/30 = 4/30 = 2/15.

ಮೂರನೇ ಹೆಜ್ಜೆ. ಭಾಗಲಬ್ಧಕ್ಕೆ 2ಕ್ಷ⁵/15.

ಟ್ಯಾನ್ ಕ್ಷ = ಕ್ಷ + ಕ್ಷ³/3 + 2ಕ್ಷ⁵/15 + …

ಕ್ಷ⁷ ತನಕ ಎಲ್ಲ ಬರೆದುಕೊಂಡು ಹೋದರೆ ಮುಂದಿನ ಪದ 17ಕ್ಷ⁷/315. ಒಮ್ಮೆ ಕೂತು ತೆಗೆಯಿರಿ, ಕೈ ಪಳಗುತ್ತದೆ.

ಕಳೆಯುವ ಹೆಜ್ಜೆಯಲ್ಲಿ ಚಿಹ್ನೆ ಬದಲಿಸುವುದನ್ನು ಮರೆಯಬೇಡಿ. ನಾನು ಡಿಗ್ರಿ ಪರೀಕ್ಷೆಯಲ್ಲಿ ಇದೇ ಲೆಕ್ಕದಲ್ಲಿ −1/6 − 1/2 ಮಾಡಿ −2/3 ಬರೆದಿದ್ದೆ. ಅಲ್ಲಿಂದ ಮುಂದಿನದೆಲ್ಲ ಹಾಳಾಯಿತು. ಗುಣಿಸಿ ತಾಳೆ ನೋಡಿದ್ದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು. ಅವತ್ತಿನಿಂದ ನನ್ನ ಮಕ್ಕಳಿಗೆಲ್ಲ ಹೇಳುತ್ತೇನೆ: ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಭಾಜ್ಯ ವಾಪಸ್ ಬಂತಾ ನೋಡಿ, ಆಮೇಲೆ ಪುಟ ತಿರುಗಿಸಿ.

ಉದ್ದ ಭಾಗಾಕಾರ ಗಲೀಜಾಗುತ್ತೆ. ಬೇರೆ ದಾರಿ ಇಲ್ವಾ?

ಇದೆ. ನನಗೆ ಹೆಚ್ಚು ಹಿಡಿಸುವುದು ಸಹಗುಣಕ ಹೋಲಿಸುವ ದಾರಿ. ಸೆಕ್ ಕ್ಷ = 1/ಕಾಸ್ ಕ್ಷ ಬೇಕು ಅಂದುಕೊಳ್ಳಿ. ಕಾಸ್ ಸಮ ಫಲನ, ಆದ್ದರಿಂದ ಉತ್ತರದಲ್ಲೂ ಸಮ ಘಾತಗಳೇ. ಉತ್ತರ ಚ₀ + ಚ₂ಕ್ಷ² + ಚ₄ಕ್ಷ⁴ ಎಂದಿಟ್ಟು, ಅದನ್ನು ಕಾಸ್ ಇಂದ ಗುಣಿಸಿದರೆ 1 ಬರಬೇಕು ಅನ್ನಿ.

ಕ್ಷ ಇಲ್ಲದ ಪದ: ಚ₀ = 1.

ಕ್ಷ²: ಚ₂ − 1/2 = 0, ಹಾಗಾಗಿ ಚ₂ = 1/2.

ಕ್ಷ⁴: ಚ₄ − ಚ₂/2 + 1/24 = 0, ಹಾಗಾಗಿ ಚ₄ = 1/4 − 1/24 = 5/24.

ಒಂದು ಗೊತ್ತಾದರೆ ಅದರಿಂದ ಮುಂದಿನದು. ಎಲ್ಲಿಯೂ ಎರಡು ಅಜ್ಞಾತ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮೂರನೇ ದಾರಿಯೂ ಇದೆ. ಕಾಸ್ ಕ್ಷ = 1 − ತ ಎಂದು ಬರೆಯಿರಿ, ಇಲ್ಲಿ ತ = ಕ್ಷ²/2 − ಕ್ಷ⁴/24. ಆಗ 1/(1 − ತ) = 1 + ತ + ತ² + … ಕ್ಷ⁴ ಬಳಿ −1/24 + 1/4, ಮತ್ತೆ ಅದೇ 5/24. ಎರಡು ಮೂರು ಪದ ಸಾಕು ಅಂದಾಗ ಇದೇ ಬೇಗ. ಜಾಸ್ತಿ ಪದ ಬೇಕಾದರೆ ತ³, ತ⁴ ಬಿಡಿಸುವುದರಲ್ಲೇ ಸಾಕುಸಾಕಾಗುತ್ತದೆ.

ಭಾಜಕದ ಮೊದಲ ಪದ ಸೊನ್ನೆ ಇದ್ದರೆ?

ಹೋಲಿಸುವ ದಾರಿಯಲ್ಲಿ ಪ್ರತಿ ಹೆಜ್ಜೆಯಲ್ಲೂ ಬ₀ ಇಂದ ಭಾಗಿಸುತ್ತೇವೆ. ಮೇಲೆ ಅದು 1 ಇತ್ತು, ಕಣ್ಣಿಗೆ ಬೀಳಲಿಲ್ಲ. ಬ₀ ಸೊನ್ನೆಯಾದರೆ ಭಾಗಾಕಾರ ಅಲ್ಲೇ ನಿಂತಿತು. ಆಗ ಭಾಜಕದಿಂದ ಕ್ಷ ಹೊರಗೆ ತೆಗೆಯಬೇಕು.

ಕ್ಷ/ಸೈನ್ ಕ್ಷ ನೋಡಿ. ಸೈನ್ ಕ್ಷ = ಕ್ಷ(1 − ಕ್ಷ²/6 + ಕ್ಷ⁴/120 − …). ಮೇಲಿನ ಕ್ಷ, ಕೆಳಗಿನ ಕ್ಷ ಹೊಡೆದುಹೋಗುತ್ತವೆ. ಉಳಿದದ್ದನ್ನು ಭಾಗಿಸಿದರೆ 1 + ಕ್ಷ²/6 + 7ಕ್ಷ⁴/360 + …

ಮೇಲೆ ಹೊಡೆಯಲು ಕ್ಷ ಇಲ್ಲದಿದ್ದರೆ? ಕಾಟ್ ಕ್ಷ = ಕಾಸ್ ಕ್ಷ/ಸೈನ್ ಕ್ಷ ತೆಗೆದುಕೊಳ್ಳಿ. ಅದು 1/ಕ್ಷ − ಕ್ಷ/3 − ಕ್ಷ³/45 − … ಆಗುತ್ತದೆ. ಮೊದಲಲ್ಲೇ 1/ಕ್ಷ ನಿಂತಿದೆ, ಹಾಗಾಗಿ ಇದು ಘಾತ ಶ್ರೇಣಿಯಲ್ಲ. ಲೆಕ್ಕ ತಪ್ಪಲ್ಲ, ಸೊನ್ನೆಯ ಬಳಿ ಕಾಟ್ ಇರುವುದೇ ಹಾಗೆ. ಇಂಥದ್ದಕ್ಕೆ ಲೊರಾಂ ಶ್ರೇಣಿ ಎನ್ನುತ್ತಾರೆ, ಮುಂದೆ ಸಂಕೀರ್ಣ ವಿಶ್ಲೇಷಣೆಯಲ್ಲಿ ಸಿಗುತ್ತದೆ.

ಲಿಮಿಟ್ ಲೆಕ್ಕಕ್ಕೆ ಇದು ಉಪಯೋಗ ಆಗುತ್ತಾ?

ತುಂಬ. ಕ್ಷ ಸೊನ್ನೆಗೆ ಹೋದಾಗ (ಟ್ಯಾನ್ ಕ್ಷ − ಸೈನ್ ಕ್ಷ)/ಕ್ಷ³ ಏನಾಗುತ್ತದೆ? ಲಾಪಿಟಾಲ್ ನಿಯಮದಲ್ಲಿ ಮೂರು ಸಲ ಅವಕಲನ. ಶ್ರೇಣಿಯಲ್ಲಿ ಒಂದೇ ಸಾಲು: ಕ್ಷ³ ಸಹಗುಣಕ 1/3 + 1/6 = 1/2. ಮುಗಿಯಿತು.

ಗುಣಿಸಿದ ಮೇಲೆ, ಭಾಗಿಸಿದ ಮೇಲೆ ಶ್ರೇಣಿ ಎಷ್ಟು ದೂರ ನಡೆಯುತ್ತೆ? ಅಭಿಸರಣ ತ್ರಿಜ್ಯ ಏನಾಗುತ್ತೆ?

ಕ್ಷ ಬೆಲೆ ಸೊನ್ನೆಯಿಂದ ಎಷ್ಟು ದೂರದ ತನಕ ಹೋದರೂ ಶ್ರೇಣಿಯ ಮೊತ್ತ ಒಂದು ಬೆಲೆಗೆ ಹೋಗಿ ನಿಲ್ಲುತ್ತದೋ (ಅಭಿಸರಿಸುತ್ತದೋ), ಆ ದೂರವೇ ಅಭಿಸರಣ ತ್ರಿಜ್ಯ. ಗುಣಾಕಾರದಲ್ಲಿ ಚಿಂತೆ ಕಮ್ಮಿ. ಎರಡು ತ್ರಿಜ್ಯಗಳಲ್ಲಿ ಯಾವುದು ಚಿಕ್ಕದೋ ಅಷ್ಟು ದೂರವಂತೂ ಗ್ಯಾರಂಟಿ. ಕೆಲವು ಸಲ ಅದಕ್ಕಿಂತ ಜಾಸ್ತಿಯೂ ಸಿಗುತ್ತದೆ. (1 + ಕ್ಷ)/(1 − ಕ್ಷ) ಮತ್ತು (1 − ಕ್ಷ)/(1 + ಕ್ಷ), ಎರಡರ ತ್ರಿಜ್ಯವೂ 1. ಗುಣಿಸಿದರೆ ಬರೀ 1, ಅದಕ್ಕೆ ಗಡಿಯೇ ಇಲ್ಲ.

ಭಾಗಾಕಾರದಲ್ಲಿ ಎಚ್ಚರ ಬೇಕು. ಸೈನ್, ಕಾಸ್ ಎರಡೂ ಎಲ್ಲ ಕ್ಷಗೂ ನಡೆಯುತ್ತವೆ. ಭಾಗಿಸಿ ಬಂದ ಟ್ಯಾನ್ ಶ್ರೇಣಿ ಮಾತ್ರ ಪೈ/2 ತನಕ, ಅಂದರೆ ಸುಮಾರು 1.5708 ತನಕ. ಅಲ್ಲಿ ಕಾಸ್ ಸೊನ್ನೆಯಾಗುತ್ತದೆ. ಕ್ಷ = 2 ಹಾಕಿದರೆ ಪದಗಳು ದೊಡ್ಡದಾಗುತ್ತಾ ಹೋಗುತ್ತವೆ, ಉತ್ತರಕ್ಕೆ ಅರ್ಥವಿರುವುದಿಲ್ಲ. ಭಾಜಕ ಹತ್ತಿರದಲ್ಲಿ ಎಲ್ಲಿ ಸೊನ್ನೆಯಾಗುತ್ತದೋ ಅಲ್ಲಿಯ ತನಕ ಹೋಗಬಹುದು, ಅದಕ್ಕೂ ಮುಂಚೆ ಮೂಲ ಶ್ರೇಣಿಗಳೇ ನಿಂತುಹೋಗದಿದ್ದರೆ.

ಹಾಗಾದರೆ 1/(1 + ಕ್ಷ²) ಯಾಕೆ 1ಕ್ಕೇ ನಿಲ್ಲುತ್ತದೆ ಎಂದು ಬುದ್ಧಿವಂತರು ಕೇಳುತ್ತಾರೆ. 1 + ಕ್ಷ² ವಾಸ್ತವ ಸಂಖ್ಯೆಗಳಲ್ಲಿ ಎಲ್ಲೂ ಸೊನ್ನೆಯಾಗುವುದಿಲ್ಲವಲ್ಲ! ನಿಜ. ಆದರೆ ಕ್ಷ² = −1 ಆಗುವ ಎರಡು ಊಹಾ ಸಂಖ್ಯೆಗಳು ಸೊನ್ನೆಯಿಂದ ಸರಿಯಾಗಿ 1 ದೂರದಲ್ಲಿವೆ. ನಮ್ಮ ಗೆರೆಯ ಮೇಲೆ ಅವು ಕಾಣುವುದಿಲ್ಲ, ಪಕ್ಕದಲ್ಲೇ ನಿಂತಿವೆ. ಶ್ರೇಣಿಗೆ ಅವು ಕಾಣುತ್ತವೆ.

ತ್ರಿಜ್ಯದ ಅಂಚಿನಲ್ಲಿ ಏನಾಗುತ್ತೆ?

ತ್ರಿಜ್ಯದ ಒಳಗೆ ಶ್ರೇಣಿ ನಿರಪೇಕ್ಷವಾಗಿ ಅಭಿಸರಿಸುತ್ತದೆ. ಅಂದರೆ ಚಿಹ್ನೆಗಳನ್ನೆಲ್ಲ ಪ್ಲಸ್ ಮಾಡಿದರೂ ಮೊತ್ತ ಕೈಮೀರುವುದಿಲ್ಲ. ಆದ್ದರಿಂದ ಪದಗಳನ್ನು ಹೇಗೆ ಜೋಡಿಸಿದರೂ ತೊಂದರೆಯಿಲ್ಲ. ಅಂಚಿನಲ್ಲಿ ಆ ಭರವಸೆ ಹೋಗುತ್ತದೆ.

ಕೋಶಿಯೇ ಕೊಟ್ಟ ಉದಾಹರಣೆ ನೋಡಿ: 1 − 1/√2 + 1/√3 − 1/√4 + … ಇದು ಅಭಿಸರಿಸುತ್ತದೆ. ಇದನ್ನು ಇದರಿಂದಲೇ ಗುಣಿಸಿ. ಮೊದಲ ಪದದ ಕ್ರಮಾಂಕ 0 ಇರಲಿ. ಆಗ ಕ್ರಮಾಂಕ ನ ಇರುವ ಪದದಲ್ಲಿ ನ + 1 ಜೋಡಿಗಳು, ಎಲ್ಲದರ ಚಿಹ್ನೆಯೂ ಒಂದೇ. ಒಂದೊಂದು ಜೋಡಿಯ ಗಾತ್ರ ಕನಿಷ್ಠ 2/(ನ + 2). ಒಟ್ಟು ಕನಿಷ್ಠ 2(ನ + 1)/(ನ + 2), ಅಂದರೆ 1ಕ್ಕಿಂತ ಕಮ್ಮಿಯಾಗುವುದೇ ಇಲ್ಲ. ಪದಗಳೇ ಸೊನ್ನೆಗೆ ಹೋಗದಿದ್ದರೆ ಮೊತ್ತ ನಿಲ್ಲುವುದೆಲ್ಲಿ? ಅಭಿಸರಿಸುವ ಎರಡು ಶ್ರೇಣಿಗಳಲ್ಲಿ ಒಂದಾದರೂ ನಿರಪೇಕ್ಷವಾಗಿ ಅಭಿಸರಿಸಿದರೆ ಸಾಕು, ಗುಣಲಬ್ಧ ಸರಿಯಾದ ಬೆಲೆಗೇ ಹೋಗುತ್ತದೆ ಎಂದು ಆಮೇಲೆ ಮರ್ಟೆನ್ಸ್ ಎಂಬ ಗಣಿತಜ್ಞ ಸಾಧಿಸಿದ.

ಫಿಬೊನಾಚಿ ಸಂಖ್ಯೆಗಳು ಭಾಗಾಕಾರದಿಂದ ಹುಟ್ಟುತ್ತವೆ ಅಂತಾರೆ. ನಿಜಾನಾ?

ನಿಜ. 1ನ್ನು 1 − ಕ್ಷ − ಕ್ಷ² ಇಂದ ಭಾಗಿಸಿ. ಸಹಗುಣಕ ಹೋಲಿಸಿದರೆ ಚ₀ = 1, ಚ₁ = ಚ₀, ಆಮೇಲೆ ಪ್ರತಿಯೊಂದೂ ಹಿಂದಿನ ಎರಡರ ಮೊತ್ತ. 1, 1, 2, 3, 5, 8, 13, 21…

ಕಣ್ಣಾರೆ ನೋಡಬೇಕಾ? ಮೊಬೈಲಿನ ಕ್ಯಾಲ್ಕುಲೇಟರ್ ಅಡ್ಡ ಹಿಡಿದು 10000 ÷ 9899 ಒತ್ತಿ. 1.01020305081321… ಎರಡೆರಡು ಅಂಕಿ ಬಿಡಿಸಿ ಓದಿ: 01, 02, 03, 05, 08, 13, 21. ಕ್ಷ = 0.01 ಹಾಕಿದ್ದೇವೆ, ಅಷ್ಟೇ. ನಾನು ಇದನ್ನು ತೋರಿಸಿದ ದಿನ ಕ್ಲಾಸಿನಲ್ಲಿ ಎಲ್ಲರೂ ಫೋನು ಅಡ್ಡ ಹಿಡಿದು ಕೂತಿರುತ್ತಾರೆ.

ಈ ಸಾಲು ನಮ್ಮ ಛಂದಸ್ಸಿನಲ್ಲೂ ಇದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಗಗ, ಗಲಲ, ಲಗಲ, ಲಲಗ, ಲಲಲಲ. ಐದು. ಐದು ಮಾತ್ರೆಗೆ ಎಂಟು. ಕೊನೆಯಲ್ಲಿ ಲಘು ಇದ್ದರೆ ಹಿಂದೆ ಒಂದು ಮಾತ್ರೆ ಕಮ್ಮಿ, ಗುರು ಇದ್ದರೆ ಎರಡು ಕಮ್ಮಿ, ಅದಕ್ಕೇ ಹಿಂದಿನ ಎರಡರ ಮೊತ್ತ. ಜೈನ ಪಂಡಿತ ಹೇಮಚಂದ್ರ 12ನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದ, ಫಿಬೊನಾಚಿಯ 1202ರ ಪುಸ್ತಕಕ್ಕಿಂತ ಮುಂಚೆ. ಭಾಜಕದ −ಕ್ಷ ಲಘು, −ಕ್ಷ² ಗುರು ಅಂದುಕೊಂಡು ಆ ಭಾಗಾಕಾರವನ್ನು ಇನ್ನೊಮ್ಮೆ ನೋಡಿ.

ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತಲ್ಲ, ನಾವು ಯಾಕೆ ಕಲಿಯಬೇಕು?

ಕಂಪ್ಯೂಟರಿಗೆ ಹೇಳಿಕೊಡುವವರು ಯಾರು? ಸಹಗುಣಕಗಳನ್ನು ಎರಡು ಪಟ್ಟಿಯಲ್ಲಿಟ್ಟು, ಒಂದರೊಳಗೊಂದು ಎರಡು ಲೂಪ್ ಬರೆದರೆ ಗುಣಾಕಾರ ಮುಗಿಯಿತು. ಇಲೆಕ್ಟ್ರಾನಿಕ್ಸ್ ಮಕ್ಕಳು ಸಿಗ್ನಲ್ ಪಾಠದಲ್ಲಿ ಓದುವ ಕನ್ವಲ್ಯೂಷನ್ ಕೂಡ ಇದೇ ಸೂತ್ರ, ಹೆಸರು ಬೇರೆ.

ಕಂಪ್ಯೂಟರ್ ಪ್ರೋಗ್ರಾಮಿನ ಕತೆಯೇ ಇಂಥ ಒಂದು ಭಾಗಾಕಾರದ ಜೊತೆ ಬೆಸೆದುಕೊಂಡಿದೆ. ಕ್ಷ/(ಇ^ಕ್ಷ − 1) ಭಾಗಿಸಿದರೆ 1 − ಕ್ಷ/2 + ಕ್ಷ²/12 − ಕ್ಷ⁴/720 + … ಬರುತ್ತದೆ. ಇದರ ಸಹಗುಣಕಗಳನ್ನು ಆಯಾ ಫ್ಯಾಕ್ಟೋರಿಯಲ್ ಇಂದ ಗುಣಿಸಿದರೆ ಬರ್ನೂಲಿ ಸಂಖ್ಯೆಗಳು: 1, −1/2, 1/6, 0, −1/30. ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ ಯೋಚಿಸಿದ್ದ ಲೆಕ್ಕದ ಯಂತ್ರದಲ್ಲಿ ಈ ಸಂಖ್ಯೆಗಳನ್ನು ಹೆಜ್ಜೆ ಹೆಜ್ಜೆಯಾಗಿ ತೆಗೆಯುವುದು ಹೇಗೆ ಎಂದು ಏಡಾ ಲವ್‌ಲೇಸ್ 1843ರಲ್ಲಿ ಬರೆದಳು. ಆ ಯಂತ್ರ ಪೂರ್ತಿಯಾಗಿ ತಯಾರಾಗಲೇ ಇಲ್ಲ, ಅವಳ ಪಟ್ಟಿ ಉಳಿಯಿತು.

ಮನೆಯಲ್ಲಿ ಮಾಡೋಕೆ ನಾಲ್ಕು ಲೆಕ್ಕ ಕೊಡಿ. ಉತ್ತರವೂ ಬೇಕು.

ಮೊದಲು ನೀವೇ ಮಾಡಿ, ಆಮೇಲೆ ಉತ್ತರ ನೋಡಿ.

ಇ^ಕ್ಷ ಕಾಸ್ ಕ್ಷ, ಕ್ಷ⁵ ತನಕ. ಉತ್ತರ: 1 + ಕ್ಷ − ಕ್ಷ³/3 − ಕ್ಷ⁴/6 − ಕ್ಷ⁵/30. ಇಲ್ಲಿ ಕ್ಷ² ಮಾಯ.

ಲಾಗ್(1 + ಕ್ಷ)/(1 + ಕ್ಷ), ಕ್ಷ⁴ ತನಕ. ಲಾಗ್ ಶ್ರೇಣಿ ಕ್ಷ − ಕ್ಷ²/2 + ಕ್ಷ³/3 − ಕ್ಷ⁴/4. ಉತ್ತರ: ಕ್ಷ − 3ಕ್ಷ²/2 + 11ಕ್ಷ³/6 − 25ಕ್ಷ⁴/12. ಚಿಹ್ನೆ ಬಿಟ್ಟು ನೋಡಿದರೆ 1, 1 + 1/2, 1 + 1/2 + 1/3… ಖಾತೆ ಪುಸ್ತಕ ಇಲ್ಲೂ ಇದೆ.

ಸೆಕ್ ಕ್ಷ, ಕ್ಷ⁶ ತನಕ. ಮೇಲಿನದನ್ನೇ ಒಂದು ಹೆಜ್ಜೆ ಮುಂದುವರಿಸಿ. ಕಾಸ್ ಶ್ರೇಣಿಯ −ಕ್ಷ⁶/720 ಬೇಕಾಗುತ್ತದೆ. ಕ್ಷ⁶ ಬಳಿ 61/720 ಬರಬೇಕು.

ಕೊನೆಯದು, ಸೆಕ್ ಕ್ಷ ಅನ್ನು ಸೈನ್ ಕ್ಷ ಇಂದ ಗುಣಿಸಿ, ಕ್ಷ⁵ ತನಕ. ಉತ್ತರವನ್ನು ಈ ಪುಟದಲ್ಲಿ ಆಗಲೇ ಭಾಗಿಸಿ ತೆಗೆದಿದ್ದೇವೆ, ಹುಡುಕಿ ತಾಳೆ ಹಾಕಿ.